ಸೈಕ್ಲಿಸ್ಟ್‌ನ ಗಾಳಿ ತಡೆಯನ್ನು ಸುತ್ತು ಸುತ್ತಿಗೂ ಟ್ರ್ಯಾಕ್ ಪಕ್ಕದಲ್ಲೇ ನೋಡುವುದು ಹೇಗೆ?

ಗದಗ, ಹುಬ್ಬಳ್ಳಿ, ಧಾರವಾಡದ ಸವಾರರಿಂದಲೂ ಅವರಿಗೆ ತರಬೇತಿ ಕೊಡುವವರಿಂದಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಟೈಮ್ ಟ್ರಯಲ್‌ಗಾಗಿ, ಅಂದರೆ ಸವಾರ ಒಬ್ಬರೇ ಗಡಿಯಾರದ ವಿರುದ್ಧ ಓಡುವ ಸ್ಪರ್ಧೆಗಾಗಿ, ಕೂರುವ ಭಂಗಿ ಬದಲಿಸಿದಾಗ ಗಾಳಿಯ ತಡೆ ನಿಜವಾಗಿಯೂ ಕಡಿಮೆಯಾಯಿತೇ ಎಂಬುದನ್ನು, ಸವಾರ ಇನ್ನೂ ಸುತ್ತು ಹಾಕುತ್ತಿರುವಾಗಲೇ, ಪಕ್ಕದಲ್ಲಿಟ್ಟ ಲ್ಯಾಪ್‌ಟಾಪಿನಲ್ಲಿ ನೋಡಲು ಬರುತ್ತದೆಯೇ ಎಂಬುದು ಆ ಪ್ರಶ್ನೆ. ಬರುತ್ತದೆ. ಅದಕ್ಕೆ ಗಾಳಿ ಸುರಂಗ ಬೇಕಿಲ್ಲ, ದೆಹಲಿಯ ಇಂದಿರಾ ಗಾಂಧಿ ಕ್ರೀಡಾ ಸಂಕೀರ್ಣದಲ್ಲಿರುವಂಥ ಮರದ ಹಾಸಿನ ಒಳಾಂಗಣ ವೆಲೊಡ್ರೋಮ್, ಅಂದರೆ ಸೈಕಲ್ ಸ್ಪರ್ಧೆಯ ಟ್ರ್ಯಾಕ್, ಕೂಡ ಕಡ್ಡಾಯವಲ್ಲ. ಪೆಡಲಿಗೆ ಹಾಕುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುವ ಪವರ್ ಮೀಟರ್, ಚಕ್ರದ ವೇಗ ಸಂವೇದಕ, ಒಂದು ಲ್ಯಾಪ್‌ಟಾಪ್, ವಾಹನವಿಲ್ಲದ ಸುತ್ತುರಸ್ತೆ ಮತ್ತು ಗಾಳಿ ಇನ್ನೂ ಏಳದ ಬೆಳಗಿನ ಒಂದೆರಡು ತಾಸು ಇದ್ದರೆ ಕೆಲಸ ಆರಂಭಿಸಬಹುದು.

ಆದರೆ ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಪ್ರತಿ ಸುತ್ತಿಗೂ ಪರದೆಯ ಮೇಲೆ ಮೂಡುವ ಅಂಕಿಯನ್ನು ನೋಡಿ ಅಲ್ಲಿಯೇ "ಈ ಭಂಗಿ ಚೆನ್ನಾಗಿದೆ, ಆ ಭಂಗಿ ಬೇಡ" ಎಂದು ತೀರ್ಮಾನಿಸುವುದು ನೇರ ವೀಕ್ಷಣೆಯ ಉದ್ದೇಶವಲ್ಲ. ಕೆಟ್ಟ ಸುತ್ತನ್ನು ಆ ಕ್ಷಣದಲ್ಲೇ ಗುರುತಿಸಿ, ಸವಾರನ ಕಾಲಲ್ಲಿ ಇನ್ನೂ ಶಕ್ತಿ ಇರುವಾಗಲೇ ಮತ್ತೊಂದು ಸುತ್ತು ಹಾಕಿಸುವುದೇ ಅದರ ನಿಜವಾದ ಲಾಭ. ಸಂವೇದಕದ ಸಂಪರ್ಕ ತಪ್ಪಿದ್ದು, ಪಕ್ಕದಲ್ಲಿ ಟ್ರ್ಯಾಕ್ಟರ್ ಹಾದುಹೋದದ್ದು, ತಿರುವಿನಲ್ಲಿ ಬ್ರೇಕ್ ಹಿಡಿದದ್ದು ಮನೆಗೆ ಹೋಗಿ ಕಡತ ತೆರೆದಾಗ ತಿಳಿದರೆ ಆ ಬೆಳಗು ಪೂರ್ತಿ ವ್ಯರ್ಥವಾದಂತೆ.

ಮೊದಲು ತಿಳಿದಿರಬೇಕಾದ ಪದಗಳು

ಸಿಡಿಎ ಎಂಬುದು ಸವಾರ ಮತ್ತು ಸೈಕಲ್ ಸೇರಿ ಗಾಳಿಗೆ ಒಡ್ಡುವ ತಡೆಯ ಅಳತೆ. ಆಕಾರದ ಗುಣಾಂಕ ಮತ್ತು ಎದುರಿನಿಂದ ಕಾಣುವ ವಿಸ್ತೀರ್ಣ ಇವೆರಡರ ಗುಣಲಬ್ಧ ಇದಾಗಿದ್ದು, ಇದನ್ನು ಚದರ ಮೀಟರ್‌ಗಳಲ್ಲಿ ಹೇಳುತ್ತಾರೆ. ಬ್ರೇಕ್ ಹಿಡಿಗಳ ಮೇಲೆ ಕೈಯಿಟ್ಟು ಕುಳಿತ ರಸ್ತೆ ಸವಾರನ ಸಿಡಿಎ ಸಾಮಾನ್ಯವಾಗಿ 0.32ರಿಂದ 0.40, ಏರೋಬಾರ್ (ಮೊಣಕೈ ಊರಲು ಹ್ಯಾಂಡಲಿನಿಂದ ಮುಂದಕ್ಕೆ ಚಾಚಿದ ಹಿಡಿ) ಮೇಲೆ ಮುಂದಕ್ಕೆ ಚಾಚಿದ ಒಳ್ಳೆಯ ಭಂಗಿಯಲ್ಲಿ 0.22ರಿಂದ 0.26ರ ಆಸುಪಾಸು ಇರುತ್ತದೆ. ಸಿಆರ್‌ಆರ್ ಎಂಬುದು ಟೈರು ಉರುಳುವಾಗ ಆಗುವ ತಡೆಯ ಗುಣಾಂಕ. ಮರದ ಟ್ರ್ಯಾಕಿನಲ್ಲಿ ಇದು 0.002ರ ಹತ್ತಿರವಿದ್ದರೆ ನಮ್ಮ ಡಾಂಬರು ರಸ್ತೆಗಳಲ್ಲಿ 0.004ರಿಂದ 0.006ರವರೆಗೆ ಇರುತ್ತದೆ, ಜಲ್ಲಿ ಎದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು. ಗಾಳಿಯ ಸಾಂದ್ರತೆ ಎಂದರೆ ಒಂದು ಘನ ಮೀಟರ್ ಗಾಳಿ ಎಷ್ಟು ಕಿಲೋಗ್ರಾಂ ತೂಗುತ್ತದೆ ಎಂಬುದು.

ತಂತ್ರಾಂಶ ಮಾಡುವ ಲೆಕ್ಕ ಇಷ್ಟೇ. ಪೆಡಲಿಗೆ ಹಾಕಿದ ವ್ಯಾಟ್‌ಗಳಿಂದ ಸರಪಳಿ ಮತ್ತು ಗೇರುಗಳು ತಿನ್ನುವ ಸುಮಾರು 2.5 ಪ್ರತಿಶತವನ್ನು ಕಳೆಯುತ್ತದೆ, ಟೈರಿನ ತಡೆಗೆ ಹೋದದ್ದನ್ನು ಕಳೆಯುತ್ತದೆ, ಏರು ಮತ್ತು ವೇಗ ಹೆಚ್ಚಿಸಲು ಹೋದದ್ದನ್ನು ಕಳೆಯುತ್ತದೆ. ಉಳಿದದ್ದು ಗಾಳಿಯ ಪಾಲು. ಆ ಪಾಲನ್ನು ಸಾಂದ್ರತೆಯ ಅರ್ಧ ಮತ್ತು ವೇಗದ ಘನ ಇವೆರಡರ ಗುಣಲಬ್ಧದಿಂದ ಭಾಗಿಸಿದರೆ ಸಿಡಿಎ ಸಿಗುತ್ತದೆ.

ಒಂದು ಉದಾಹರಣೆ ನೋಡಿ. ಸವಾರ, ಸೈಕಲ್, ಬಟ್ಟೆ, ಹೆಲ್ಮೆಟ್ ಎಲ್ಲ ಸೇರಿ 80 ಕಿಲೋ. ಸಮತಟ್ಟಾದ 400 ಮೀಟರ್ ಸುತ್ತನ್ನು 40 ಸೆಕೆಂಡಿನಲ್ಲಿ, ಅಂದರೆ ಸೆಕೆಂಡಿಗೆ 10 ಮೀಟರ್‌ನಂತೆ, ಸರಾಸರಿ 208 ವ್ಯಾಟ್‌ನಲ್ಲಿ ಮುಗಿಸಿದ್ದಾರೆ ಎಂದುಕೊಳ್ಳಿ. ಚಕ್ರಕ್ಕೆ ತಲುಪಿದ್ದು ಸುಮಾರು 203 ವ್ಯಾಟ್. ಸಿಆರ್‌ಆರ್ 0.005 ಎಂದು ಹಿಡಿದರೆ ಟೈರಿಗೆ ಹೋದದ್ದು 39 ವ್ಯಾಟ್. ಉಳಿದ 164 ವ್ಯಾಟ್ ಗಾಳಿಗೆ ಹೋಗಿದೆ. ಸಾಂದ್ರತೆ 1.09 ಇದ್ದರೆ ಸಿಡಿಎ 0.300 ಆಗುತ್ತದೆ. ಇದೇ ವೇಗದಲ್ಲಿ ಸಿಡಿಎ 0.01ರಷ್ಟು ಇಳಿದರೆ ಉಳಿಯುವುದು ಸುಮಾರು ಐದೂವರೆ ವ್ಯಾಟ್. ಈ ಐದೂವರೆ ವ್ಯಾಟ್ ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುವ ಪ್ರತಿಯೊಂದು ಎಚ್ಚರಿಕೆಯನ್ನೂ ಇದರ ಪಕ್ಕದಲ್ಲಿಟ್ಟೇ ತೂಗಬೇಕು.

1. ಜಾಗ ಮತ್ತು ಹೊತ್ತು ಆರಿಸಿಕೊಳ್ಳುವುದು

ನಡುವೆ ಬ್ರೇಕ್ ಹಿಡಿಯದೆ, ಪೆಡಲ್ ನಿಲ್ಲಿಸದೆ ಸುತ್ತು ಹಾಕಲು ಬರುವ ರಸ್ತೆ ಬೇಕು. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ತಿರುಗಲು ತಿರುವಿನ ತ್ರಿಜ್ಯ ಕನಿಷ್ಠ 20 ಮೀಟರ್ ಆದರೂ ಇರಬೇಕು. ಇನ್ನೂ ಅಗಲವಾಗಿದ್ದರೆ ಒಳ್ಳೆಯದು. ಊರ ಹೊರಗಿನ ಹೊಸ ಬಡಾವಣೆಗಳ ಖಾಲಿ ರಸ್ತೆಗಳು ಆಕರ್ಷಕವಾಗಿ ಕಾಣುತ್ತವೆ, ಆದರೆ ಅಲ್ಲಿನ ಮೂಲೆಗಳು ಲಂಬ ಕೋನದಲ್ಲಿರುವುದರಿಂದ ಪ್ರತಿ ತಿರುವಿನಲ್ಲೂ ಬ್ರೇಕ್ ಬೇಕಾಗುತ್ತದೆ; ಬ್ರೇಕಿನಲ್ಲಿ ಹೋದ ಶಕ್ತಿಯನ್ನು ತಂತ್ರಾಂಶ ಗಾಳಿಯ ಖಾತೆಗೆ ಬರೆದುಬಿಡುತ್ತದೆ. ಕೈಗಾರಿಕಾ ಪ್ರದೇಶಗಳ ಅಥವಾ ದೊಡ್ಡ ಆವರಣಗಳ ಒಳಗೆ ಬಳಸಿಕೊಂಡು ಹೋಗುವ ರಸ್ತೆಗಳು ರವಿವಾರ ಬೆಳಿಗ್ಗೆ ಖಾಲಿ ಇರುತ್ತವೆ. ಸಂಬಂಧಪಟ್ಟವರ ಅನುಮತಿ ಪಡೆದು, ಹಂಪ್ಸ್ ಇಲ್ಲದ ಸುತ್ತನ್ನು ಹುಡುಕಿ.

ಅಥ್ಲೆಟಿಕ್ಸ್‌ಗಾಗಿ ಹಾಸಿದ ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಸೈಕಲ್ ಓಡಿಸಬೇಡಿ. ಹಾಸು ಹಾಳಾಗುತ್ತದೆ, ಮೆತ್ತನೆಯ ಹಾಸಿನಲ್ಲಿ ಟೈರಿನ ತಡೆಯೂ ಹೆಚ್ಚು.

ಹೊತ್ತಿನ ವಿಷಯದಲ್ಲಿ ನಮ್ಮ ಭಾಗದವರು ಹೆಚ್ಚು ಎಚ್ಚರ ವಹಿಸಬೇಕು. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯದ ಗಾಳಿಯಲ್ಲಿ ಬಯಲಿನಲ್ಲಿ ಸಿಡಿಎ ಅಳೆಯಲು ಹೋಗುವುದು ದುಡ್ಡು ಮತ್ತು ಶ್ರಮ ಎರಡಕ್ಕೂ ನಷ್ಟ. ಒಂದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಎದುರು ಗಾಳಿಗೆ ಹೋಗಿ ಬೆನ್ನ ಗಾಳಿಗೆ ಮರಳಿದರೆ ಲೆಕ್ಕ ಸರಿಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಹೋಗುವುದಿಲ್ಲ. ಸೆಕೆಂಡಿಗೆ 10 ಮೀಟರ್ ವೇಗದ ಸವಾರನಿಗೆ ಸೆಕೆಂಡಿಗೆ 1 ಮೀಟರ್ ಗಾಳಿ ಇದ್ದಾಗ ಹೋಗಿ ಬರುವ ಸರಾಸರಿ ತಡೆ 1 ಪ್ರತಿಶತ ಹೆಚ್ಚಾಗುತ್ತದೆ, 2 ಮೀಟರ್ ಗಾಳಿಗೆ 4 ಪ್ರತಿಶತ, 3 ಮೀಟರ್ ಗಾಳಿಗೆ 9 ಪ್ರತಿಶತ. ನೀವು ಹುಡುಕುತ್ತಿರುವ ವ್ಯತ್ಯಾಸವೇ ಮೂರು ಪ್ರತಿಶತದ ಸುತ್ತಮುತ್ತ ಇರುವಾಗ, ಗಾಳಿ ಸೆಕೆಂಡಿಗೆ ಒಂದೂವರೆ ಮೀಟರ್ ದಾಟಿದ ಕೂಡಲೇ ಪರೀಕ್ಷೆ ನಿಲ್ಲಿಸುವುದೇ ಸರಿಯಾದ ದಾರಿ. ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳಲ್ಲಿ ಸೂರ್ಯ ಹುಟ್ಟುವ ಹೊತ್ತಿನಿಂದ ಬಿಸಿಲು ಬಲಿಯುವ ತನಕದ ಅವಧಿ ಎಲ್ಲಕ್ಕಿಂತ ಒಳ್ಳೆಯದು. ಕೈಯಲ್ಲಿ ಹಿಡಿಯುವ ಗಾಳಿ ಮಾಪಕವನ್ನು ಸವಾರನ ಎದೆಯ ಎತ್ತರದಲ್ಲಿ ಹಿಡಿದು ಓದಿ. ಅದು ಇಲ್ಲದಿದ್ದರೆ ಕೋಲಿಗೆ ಕಟ್ಟಿದ ಹಗುರ ದಾರ ತೂಗಾಡುತ್ತಿದೆಯೇ ಎಂದು ನೋಡುವುದೂ ಸಾಕಷ್ಟು ಹೇಳುತ್ತದೆ.

ಏರೋಬಾರ್ ಮೇಲೆ ತಲೆ ಬಾಗಿಸಿ ಕುಳಿತ ಸವಾರನಿಗೆ ಮುಂದಿನದು ಸರಿಯಾಗಿ ಕಾಣುವುದಿಲ್ಲ, ಕೈ ಬ್ರೇಕಿನ ಮೇಲೂ ಇರುವುದಿಲ್ಲ. ಆದ್ದರಿಂದ ಹುಬ್ಬಳ್ಳಿ–ಗದಗ ಹೆದ್ದಾರಿಯಂಥ ವಾಹನ ಸಂಚಾರವಿರುವ ರಸ್ತೆಯಲ್ಲಿ ಈ ಪರೀಕ್ಷೆ ಎಂದಿಗೂ ಬೇಡ. ಸುತ್ತಿಗೆ ಸೇರುವ ಪ್ರತಿ ದಾರಿಯ ಬಾಯಲ್ಲಿ ಒಬ್ಬರನ್ನು ಸೀಟಿಯೊಂದಿಗೆ ನಿಲ್ಲಿಸಿ. ನಾಯಿಗಳ ಕಾಟ ಇರುವ ಜಾಗವಾದರೆ ಬೇರೆ ಜಾಗ ನೋಡಿ.

2. ಸೈಕಲ್ ಸಿದ್ಧಪಡಿಸುವುದು

ಪವರ್ ಮೀಟರ್ ಎರಡೂ ಕಾಲುಗಳನ್ನು ಅಳೆಯುವಂಥದ್ದಾಗಿರಲಿ. ಎಡಗಾಲನ್ನು ಮಾತ್ರ ಅಳೆದು ಎರಡರಿಂದ ಗುಣಿಸುವ ಮೀಟರ್ ತರಬೇತಿಗೆ ಸಾಲುತ್ತದೆ, ಆದರೆ ಭಂಗಿ ಬದಲಾದಾಗ ಎಡ ಬಲದ ಪಾಲು ಕೂಡ ಬದಲಾಗಬಹುದು. ಆಗ ಆ ಬದಲಾವಣೆ ಸಿಡಿಎ ಬದಲಾದಂತೆ ಕಾಣುತ್ತದೆ. ನಮ್ಮ ಉದಾಹರಣೆಯಲ್ಲಿ ವ್ಯಾಟ್‌ಗಳಲ್ಲಿ 1 ಪ್ರತಿಶತ ತಪ್ಪಾದರೆ ಸಿಡಿಎಯಲ್ಲಿ ಸುಮಾರು 1.2 ಪ್ರತಿಶತ ತಪ್ಪಾಗುತ್ತದೆ. ಮನೆಯಿಂದ ಅಥವಾ ಕಾರಿನ ಡಿಕ್ಕಿಯಿಂದ ಹೊರತೆಗೆದ ಸೈಕಲ್ಲನ್ನು ಹೊರಗಿನ ಗಾಳಿಯಲ್ಲಿ 20 ನಿಮಿಷ ನಿಲ್ಲಿಸಿ, ಮೀಟರಿನೊಳಗಿನ ಲೋಹ ಹೊರಗಿನ ಉಷ್ಣಾಂಶಕ್ಕೆ ಬಂದ ಮೇಲೆ ಜೀರೋ ಆಫ್‌ಸೆಟ್ ಮಾಡಿ, ಅಂದರೆ ಪೆಡಲಿನ ಮೇಲೆ ಭಾರವಿಲ್ಲದಾಗ ಮೀಟರ್ ಸೊನ್ನೆ ತೋರುವಂತೆ ಹೊಂದಿಸಿ. ಭಂಗಿ ಬದಲಿಸಲು ನಿಂತಾಗಲೆಲ್ಲ ಇದನ್ನು ಮತ್ತೆ ಮಾಡಿ.

ಚಕ್ರದ ಸುತ್ತಳತೆಯನ್ನು ಪಟ್ಟಿಯಿಂದ ನೋಡಿ ತುಂಬಬೇಡಿ, ಅಳೆಯಿರಿ. ಟೈರಿಗೆ ಪರೀಕ್ಷೆಯ ಒತ್ತಡದಷ್ಟೇ ಗಾಳಿ ಹೊಡೆದು, ಸವಾರ ಸೀಟಿನ ಮೇಲೆ ಕುಳಿತಿರುವಾಗ, ವಾಲ್ವ್ ಕೆಳಗೆ ಬಂದ ಜಾಗದಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಐದು ಸುತ್ತು ಚಕ್ರ ಉರುಳಿಸಿ ಮತ್ತೊಂದು ಗೆರೆ ಎಳೆದು, ಎರಡರ ನಡುವಿನ ದೂರವನ್ನು ಐದರಿಂದ ಭಾಗಿಸಿ. 25 ಮಿಲಿಮೀಟರ್ ಟೈರಿನ 700ರ ಚಕ್ರಕ್ಕೆ ಉತ್ತರ 2.1 ಮೀಟರಿನ ಹತ್ತಿರ ಬರುತ್ತದೆ. ಸಿಡಿಎ ಲೆಕ್ಕದಲ್ಲಿ ವೇಗ ಘನವಾಗಿ ಬರುವುದರಿಂದ ಸುತ್ತಳತೆಯಲ್ಲಿ 1 ಪ್ರತಿಶತ ತಪ್ಪಿದರೆ ಫಲಿತಾಂಶದಲ್ಲಿ ಮೂರು ಪ್ರತಿಶತಕ್ಕೂ ಹೆಚ್ಚು ತಪ್ಪುತ್ತದೆ. ಅರ್ಧ ತಾಸಿನ ಈ ಕೆಲಸವನ್ನು ತಪ್ಪಿಸಿಕೊಂಡವರ ಅಂಕಿಗಳನ್ನು ನಂಬಲು ಬರುವುದಿಲ್ಲ.

ಇದೇ ಕಾರಣಕ್ಕೆ ಜಿಪಿಎಸ್ ವೇಗ ಸಾಲದು. ಸುತ್ತಿನ ಉದ್ದವನ್ನು ಸಮಯದಿಂದ ಭಾಗಿಸುವುದೂ ಸಾಲದು, ಏಕೆಂದರೆ ಸವಾರ ಗೆರೆಯಿಂದ ಒಂದು ಮೀಟರ್ ಹೊರಗೆ ಸುತ್ತಿದರೂ ಪೂರ್ತಿ ಸುತ್ತಿಗೆ 6.28 ಮೀಟರ್ ಹೆಚ್ಚು ಓಡಿರುತ್ತಾರೆ. ಚಕ್ರಕ್ಕೆ ಕಟ್ಟಿದ ಸಂವೇದಕವೇ ವೇಗದ ಮೂಲವಾಗಿರಲಿ. ಬಾಗಿದ ಅಂಚಿನ ವೆಲೊಡ್ರೋಮಿನಲ್ಲಿ ಪರೀಕ್ಷಿಸುವವರು ಇನ್ನೊಂದು ವಿಷಯ ಗಮನಿಸಬೇಕು: ತಿರುವಿನಲ್ಲಿ ಸವಾರ ಒಳಕ್ಕೆ ವಾಲುವುದರಿಂದ ಅವರ ದೇಹ ಚಕ್ರಕ್ಕಿಂತ ಚಿಕ್ಕ ವೃತ್ತದಲ್ಲಿ ಸಾಗುತ್ತದೆ, ಗಾಳಿಯನ್ನು ಸೀಳುವುದು ದೇಹದ ವೇಗವೇ ಹೊರತು ಚಕ್ರದ ವೇಗವಲ್ಲ. ವೆಲೊಡ್ರೋಮಿಗಾಗಿ ಮಾಡಿದ ತಂತ್ರಾಂಶಗಳಲ್ಲಿ ಈ ತಿದ್ದುಪಡಿಗೆ ಆಯ್ಕೆ ಇರುತ್ತದೆ. ಅದನ್ನು ಚಾಲೂ ಮಾಡಿಕೊಳ್ಳಿ.

ಕೊನೆಗೆ ತೂಕ. ಸವಾರ ಪರೀಕ್ಷೆಯ ಬಟ್ಟೆ, ಶೂ, ಹೆಲ್ಮೆಟ್ ಹಾಕಿಕೊಂಡು, ಸೈಕಲ್ ಎತ್ತಿ ಹಿಡಿದು ತೂಕದ ಯಂತ್ರದ ಮೇಲೆ ನಿಂತರೆ ಒಟ್ಟು ತೂಕ ಸಿಗುತ್ತದೆ. ಕ್ರೀಡಾ ವಸತಿ ನಿಲಯದ ಮಕ್ಕಳನ್ನು ಪರೀಕ್ಷಿಸುವವರಲ್ಲಿ ನನ್ನ ಕೋರಿಕೆ: ಅವರ ತೂಕದ ಅಂಕಿಯನ್ನು ಎಲ್ಲರೂ ನೋಡುವ ಪರದೆಯ ಮೇಲೆ ಇಡಬೇಡಿ.

3. ದತ್ತಾಂಶ ಲ್ಯಾಪ್‌ಟಾಪಿಗೆ ಬರುವ ದಾರಿ

ಹೆಚ್ಚಿನವರು ಸೋಲುವುದು ಈ ಹಂತದಲ್ಲಿ, ಹಾಗಾಗಿ ಸ್ವಲ್ಪ ವಿವರವಾಗಿ ನೋಡೋಣ. ಪವರ್ ಮೀಟರ್ ಮತ್ತು ವೇಗ ಸಂವೇದಕಗಳು ಎರಡು ಬಗೆಯಲ್ಲಿ ಮಾತಾಡುತ್ತವೆ. ಒಂದು ಬ್ಲೂಟೂತ್, ಇನ್ನೊಂದು ಆಂಟ್ ಪ್ಲಸ್. ಬ್ಲೂಟೂತ್‌ನಲ್ಲಿ ಎರಡು ಸಾಧನಗಳ ನಡುವೆ ಜೋಡಣೆ ಏರ್ಪಡಬೇಕು. ಸವಾರ ದೂರ ಹೋದ ಕೂಡಲೇ ಅದು ಕಡಿಯುತ್ತದೆ, ಹತ್ತಿರ ಬಂದಾಗ ಮತ್ತೆ ಜೋಡಣೆಯಾಗುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಾರೆ. ಆಂಟ್ ಪ್ಲಸ್ ಹಾಗಲ್ಲ. ಅದು ಯಾರು ಕೇಳುತ್ತಿದ್ದಾರೆ ಎಂದು ನೋಡದೆ ಸೆಕೆಂಡಿಗೆ ಸುಮಾರು ನಾಲ್ಕು ಸಲ ಸಂದೇಶವನ್ನು ಬಿತ್ತುತ್ತಲೇ ಇರುತ್ತದೆ. ಆಂಟ್ ಪ್ಲಸ್ ಸಂದೇಶ ಹಿಡಿಯುವ ಚಿಕ್ಕ ಯುಎಸ್‌ಬಿ ಡಾಂಗಲ್ ಹಾಕಿದ ಲ್ಯಾಪ್‌ಟಾಪ್ ಹತ್ತಿರ ಬಂದ ಸಂದೇಶವನ್ನೆಲ್ಲ ಹಿಡಿದುಕೊಳ್ಳುತ್ತದೆ.

ಡಾಂಗಲ್‌ನ ವ್ಯಾಪ್ತಿ ಕೆಲವು ಹತ್ತು ಮೀಟರ್ ಮಾತ್ರ. ಹಾಗಾದರೆ ಸುತ್ತಿನ ಆಚೆ ಬದಿಯಲ್ಲಿ ಆದದ್ದು ತಿಳಿಯುವುದು ಹೇಗೆ? ಆಂಟ್ ಪ್ಲಸ್ ಸಂದೇಶದಲ್ಲಿ ಆ ಕ್ಷಣದ ವ್ಯಾಟ್ ಅಷ್ಟೇ ಅಲ್ಲದೆ ಅಲ್ಲಿಯವರೆಗಿನ ವ್ಯಾಟ್‌ಗಳ ಒಟ್ಟು ಮೊತ್ತ ಮತ್ತು ಎಷ್ಟು ಸಲ ಅಳೆಯಲಾಗಿದೆ ಎಂಬ ಎಣಿಕೆ ಎರಡೂ ಇರುತ್ತವೆ. ವೇಗ ಸಂವೇದಕವೂ ಹಾಗೆಯೇ ಚಕ್ರದ ಒಟ್ಟು ಸುತ್ತುಗಳನ್ನೂ ಕೊನೆಯ ಸುತ್ತಿನ ಸಮಯವನ್ನೂ ಕಳುಹಿಸುತ್ತದೆ. ಸವಾರ ಸುತ್ತಿನ ಆರಂಭದ ಗೆರೆ ದಾಟುವಾಗ ಸಿಕ್ಕ ಮೊತ್ತದಿಂದ ಹಿಂದಿನ ಸಲ ದಾಟಿದಾಗಿನ ಮೊತ್ತವನ್ನು ಕಳೆದು, ಎಣಿಕೆಗಳ ವ್ಯತ್ಯಾಸದಿಂದ ಭಾಗಿಸಿದರೆ, ನಡುವೆ ಒಂದೂ ಸಂದೇಶ ಸಿಗದಿದ್ದರೂ ಇಡೀ ಸುತ್ತಿನ ಸರಾಸರಿ ವ್ಯಾಟ್ ಸಿಗುತ್ತದೆ. ದಿನದ ಕೊನೆಗೆ ವಿದ್ಯುತ್ ಮೀಟರಿನ ರೀಡಿಂಗ್ ನೋಡಿ ಆ ದಿನದ ಬಳಕೆ ತಿಳಿಯುವಂತೆಯೇ ಇದು.

ಇಲ್ಲಿ ಒಂದು ಮಿತಿ ಇದೆ. ಈ ಎಣಿಕೆಗಳು ತುಂಬಿದ ಮೇಲೆ ಸೊನ್ನೆಗೆ ಮರಳುತ್ತವೆ. ವೇಗ ಸಂವೇದಕದ ಸಮಯ 64 ಸೆಕೆಂಡಿಗೊಮ್ಮೆ ಮರಳುತ್ತದೆ, ಪವರ್ ಮೀಟರಿನ ಎಣಿಕೆ 256 ತಲುಪಿದಾಗ ಮರಳುತ್ತದೆ. ಒಂದು ಸಲ ಮರಳಿದ್ದನ್ನು ತಂತ್ರಾಂಶ ಸರಿಪಡಿಸಿಕೊಳ್ಳಬಲ್ಲದು, ಆದರೆ ಎರಡು ಓದುಗಳ ನಡುವೆ ಪೂರ್ತಿ 64 ಸೆಕೆಂಡಿಗಿಂತ ಹೆಚ್ಚು ಹೊತ್ತು ಸಂಪರ್ಕ ಇಲ್ಲದಿದ್ದರೆ ಲೆಕ್ಕ ತಪ್ಪಬಹುದು. ಆದ್ದರಿಂದ ಒಂದೇ ಡಾಂಗಲ್ ಇದ್ದರೆ 500 ಮೀಟರ್ ಮೀರದ ಸುತ್ತನ್ನು ಆರಿಸಿ. ಸುತ್ತು ಒಂದು ಕಿಲೋಮೀಟರ್ ಇದ್ದರೆ ಎದುರು ಬದಿಯಲ್ಲಿ ಇನ್ನೊಂದು ಡಾಂಗಲ್ ಬೇಕು. ಅದನ್ನು ರಾಸ್ಪ್‌ಬೆರಿ ಪೈನಂಥ ಚಿಕ್ಕ ಗಣಕಕ್ಕೆ ಸಿಕ್ಕಿಸಿ ವೈಫೈ ಮೂಲಕ ಲ್ಯಾಪ್‌ಟಾಪಿಗೆ ಕಳುಹಿಸಬಹುದು.

ಡಾಂಗಲ್ ಅನ್ನು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸಬೇಡಿ. ಯುಎಸ್‌ಬಿ 3 ಕಿಂಡಿಗಳು ಆಂಟ್ ಪ್ಲಸ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಹೊರಡಿಸುತ್ತವೆ. ಎರಡು ಮೂರು ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಡಾಂಗಲ್ ಅನ್ನು ಕ್ಯಾಮೆರಾ ಟ್ರೈಪಾಡಿಗೆ ಒಂದು ಮೀಟರ್ ಎತ್ತರದಲ್ಲಿ ಟೇಪ್ ಸುತ್ತಿ ನಿಲ್ಲಿಸಿ. ಮನುಷ್ಯನ ದೇಹ ಈ ತರಂಗಗಳನ್ನು ತಡೆಯುತ್ತದೆ, ಹಾಗಾಗಿ ಟ್ರೈಪಾಡ್ ಮತ್ತು ಸವಾರನ ನಡುವೆ ಯಾರನ್ನೂ ನಿಲ್ಲಗೊಡಬೇಡಿ. ಸುತ್ತಲಿನವರ ಮೊಬೈಲ್ ಹಾಟ್‌ಸ್ಪಾಟ್‌ಗಳನ್ನು ಆರಿಸಲು ಹೇಳಿ.

ಉದ್ದದ ಸುತ್ತಿಗೆ ಇನ್ನೊಂದು ದಾರಿಯೂ ಇದೆ. ಸವಾರನ ಜೆರ್ಸಿಯ ಹಿಂಬದಿ ಜೇಬಿನಲ್ಲಿರುವ ಫೋನು ಬ್ಲೂಟೂತ್ ಮೂಲಕ ಸಂವೇದಕಗಳನ್ನು ಓದಿ ಮೊಬೈಲ್ ಜಾಲದ ಮೂಲಕ ನಿಮಗೆ ಕಳುಹಿಸಬಹುದು. ಕೆಲವು ಸೆಕೆಂಡುಗಳ ವಿಳಂಬ ಇರುತ್ತದೆ, ಊರ ಹೊರಗೆ ಜಾಲ ತಪ್ಪುವುದೂ ಉಂಟು. ಆದ್ದರಿಂದ ಫೋನಿನೊಳಗೂ ದಾಖಲೆ ಉಳಿಯುವ ಆ್ಯಪ್ ಅನ್ನೇ ಬಳಸಿ. ಉಬ್ಬಿದ ಜೇಬು ಗಾಳಿ ತಡೆಯನ್ನು ಬದಲಿಸುವುದರಿಂದ ಫೋನು ಎಲ್ಲ ಸುತ್ತುಗಳಲ್ಲೂ ಒಂದೇ ಜಾಗದಲ್ಲಿರಲಿ.

4. ತಂತ್ರಾಂಶ ಆರಿಸಿ ಅಂಕಿ ತುಂಬುವುದು

ವೆಲೊಡ್ರೋಮ್‌ಗಳಲ್ಲಿ ಬಳಸುವ ಸಿದ್ಧ ವ್ಯವಸ್ಥೆಗಳಿವೆ. ಆಲ್ಫಾಮ್ಯಾಂಟಿಸ್ ಎಂಬ ಕಂಪನಿ ಇಂಥದ್ದನ್ನು ರೂಪಿಸಿತ್ತು, 2017ರಲ್ಲಿ ಗಾರ್ಮಿನ್ ಆ ಕಂಪನಿಯನ್ನು ಕೊಂಡುಕೊಂಡಿತು. ನಮ್ಮಲ್ಲಿ ಹೆಚ್ಚಿನವರಿಗೆ ಅಂಥ ವ್ಯವಸ್ಥೆ ಕೈಗೆ ಎಟುಕುವುದಿಲ್ಲ, ಎಟುಕಬೇಕಾಗಿಯೂ ಇಲ್ಲ. ಗೋಲ್ಡನ್ ಚೀತಾ ಎಂಬ ಉಚಿತ ಮುಕ್ತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಆಂಟ್ ಪ್ಲಸ್ ಸಂವೇದಕಗಳನ್ನು ಓದುತ್ತದೆ, ಅದರೊಳಗಿನ ಏರೋಲ್ಯಾಬ್ ಎಂಬ ನಕ್ಷೆಯಲ್ಲಿ ದಾಖಲಾದ ಸವಾರಿಯ ಸಿಡಿಎಯನ್ನು ವಿಶ್ಲೇಷಿಸಬಹುದು. ಸುತ್ತು ಸುತ್ತಿಗೂ ಅಂಕಿ ಬೇಕೆನ್ನುವವರು ಪೈಥಾನ್ ಭಾಷೆಯಲ್ಲಿ ಆಂಟ್ ಪ್ಲಸ್ ಓದುವ ಸಿದ್ಧ ಗ್ರಂಥಾಲಯಗಳನ್ನು ಬಳಸಿ, ಮೇಲೆ ಹೇಳಿದ ಲೆಕ್ಕವನ್ನು ಒಂದು ಕೋಷ್ಟಕದಲ್ಲಿ ತೋರಿಸುವ ಚಿಕ್ಕ ಪ್ರೋಗ್ರಾಂ ಬರೆಯಿಸಿಕೊಳ್ಳಬಹುದು. ಹುಬ್ಬಳ್ಳಿ–ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆಗಬಲ್ಲದು.

ಯಾವ ತಂತ್ರಾಂಶವಾದರೂ ತುಂಬಬೇಕಾದ ಅಂಕಿಗಳು ಇವೇ: ಒಟ್ಟು ತೂಕ, ಚಕ್ರದ ಸುತ್ತಳತೆ, ಸರಪಳಿಯ ದಕ್ಷತೆ 0.975, ಸಿಆರ್‌ಆರ್ ಮತ್ತು ಗಾಳಿಯ ಸಾಂದ್ರತೆ. ಸಿಆರ್‌ಆರ್ ಅನ್ನು ಮೊದಲ ದಿನ ಕರಾರುವಾಕ್ಕಾಗಿ ಕಂಡುಹಿಡಿಯಲು ಹೋಗಬೇಡಿ. ಒಂದೇ ವೇಗದ ಸುತ್ತುಗಳಿಂದ ಟೈರಿನ ತಡೆ ಮತ್ತು ಗಾಳಿ ತಡೆಯನ್ನು ಬೇರ್ಪಡಿಸಲು ಬರುವುದಿಲ್ಲ. 0.005 ಎಂದು ಇಟ್ಟುಕೊಂಡು ಎಲ್ಲ ಭಂಗಿಗಳಿಗೂ ಅದನ್ನೇ ಉಳಿಸಿಕೊಂಡರೆ ಹೋಲಿಕೆಗೆ ಸಾಕು.

ಸಾಂದ್ರತೆಯ ವಿಷಯಕ್ಕೆ ಬಂದರೆ, ನಮ್ಮ ಭಾಗದಲ್ಲಿ ಅತಿ ಹೆಚ್ಚು ಆಗುವ ತಪ್ಪು ಇಲ್ಲಿದೆ. ಫೋನಿನ ಹವಾಮಾನ ಆ್ಯಪ್ ಸಾಮಾನ್ಯವಾಗಿ ತೋರುವ 1012 ಹೆಕ್ಟೊಪಾಸ್ಕಲ್‌ನಂಥ ಒತ್ತಡ ಸಮುದ್ರ ಮಟ್ಟಕ್ಕೆ ಇಳಿಸಿದ ಅಂಕಿ. ಗದಗ ಮತ್ತು ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿವೆ, ಧಾರವಾಡ ಇನ್ನೂ ಸುಮಾರು 100 ಮೀಟರ್ ಮೇಲಿದೆ. ಗದಗಿನಲ್ಲಿ ನಿಂತ ಸವಾರನ ಸುತ್ತಲಿನ ನಿಜವಾದ ಒತ್ತಡ 940ರ ಆಸುಪಾಸು, ಧಾರವಾಡದಲ್ಲಿ 930ರ ಆಸುಪಾಸು. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 940ಕ್ಕೆ ಸಾಂದ್ರತೆ 1.09 ಬರುತ್ತದೆ, 1012 ಎಂದು ತುಂಬಿದರೆ 1.17 ಬರುತ್ತದೆ. ನಮ್ಮ ಉದಾಹರಣೆಯ 0.300 ಸಿಡಿಎ ಆಗ 0.280 ಎಂದು ಕಾಣುತ್ತದೆ. ಸವಾರ ಏನನ್ನೂ ಬದಲಿಸದೆ ಹನ್ನೊಂದು ವ್ಯಾಟ್ ಉಳಿಸಿದಂತೆ ಪರದೆ ಹೇಳುತ್ತದೆ.

ಆದ್ದರಿಂದ ಬಾರೋಮೀಟರ್ ಇರುವ ಫೋನು ಅಥವಾ ಕ್ರೀಡಾ ಗಡಿಯಾರದಲ್ಲಿ ಸ್ಥಳದ ಒತ್ತಡವನ್ನೇ ಓದಿ. ಹೆಕ್ಟೊಪಾಸ್ಕಲ್‌ನಲ್ಲಿರುವ ಆ ಅಂಕಿಯನ್ನು 100ರಿಂದ ಗುಣಿಸಿ, ಸೆಲ್ಸಿಯಸ್ ಉಷ್ಣಾಂಶಕ್ಕೆ 273.15 ಕೂಡಿಸಿ ಬಂದ ಮೊತ್ತವನ್ನು 287ರಿಂದ ಗುಣಿಸಿ, ಮೊದಲ ಗುಣಲಬ್ಧವನ್ನು ಈ ಎರಡನೆಯದರಿಂದ ಭಾಗಿಸಿದರೆ ಒಣ ಗಾಳಿಯ ಸಾಂದ್ರತೆ ಸಿಗುತ್ತದೆ. ತೇವ ಹೆಚ್ಚಿರುವ ದಿನ ಇದು ಸುಮಾರು 1 ಪ್ರತಿಶತ ಕಡಿಮೆ ಇರುತ್ತದೆ. ಉಷ್ಣಾಂಶ ಮಾಪಕವನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ ತೂಗುಹಾಕಿ. ಬಿಸಿಲಿಗೆ ಕಾದ ಲ್ಯಾಪ್‌ಟಾಪ್ ಪಕ್ಕದಲ್ಲಿಟ್ಟರೆ ಅದು ಲ್ಯಾಪ್‌ಟಾಪಿನ ಉಷ್ಣಾಂಶವನ್ನೇ ಹೇಳುತ್ತದೆ. ಬೆಳಿಗ್ಗೆ 20 ಡಿಗ್ರಿ ಇದ್ದದ್ದು ಹತ್ತು ಗಂಟೆಗೆ 30 ಆದರೆ ಸಾಂದ್ರತೆ ಮೂರು ಪ್ರತಿಶತಕ್ಕೂ ಹೆಚ್ಚು ಇಳಿದಿರುತ್ತದೆ, ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹೊಸ ಅಂಕಿ ತುಂಬಬೇಕು.

5. ಸುತ್ತುಗಳನ್ನು ನಡೆಸುವುದು

ಸವಾರರಿಗೆ ಹೊರಡುವ ಮೊದಲೇ ಎಲ್ಲವನ್ನೂ ಹೇಳಿ ಮುಗಿಸಿ. ವೇಗ ಎಷ್ಟಿರಬೇಕು, ಯಾವ ಗೆರೆಯಲ್ಲಿ ಸಾಗಬೇಕು, ನೋಟ ಎಲ್ಲಿರಬೇಕು, ಒಂದು ಸೀಟಿ ಎಂದರೆ ಮುಂದುವರಿಸು, ಎರಡು ಸೀಟಿ ಎಂದರೆ ನಿಲ್ಲು. ಸುತ್ತಿನ ನಡುವೆ ಕೂಗಿ ಸಲಹೆ ಕೊಟ್ಟರೆ ಅವರು ತಲೆ ಎತ್ತಿ ನೋಡುತ್ತಾರೆ, ಆ ಸುತ್ತು ಕೆಡುತ್ತದೆ.

ವೇಗಕ್ಕೆ ಬರಲು ಮೊದಲ ಎರಡು ಸುತ್ತು ಬಿಟ್ಟುಬಿಡಿ. ಆಮೇಲೆ ಒಂದು ಭಂಗಿಯಲ್ಲಿ ಐದಾರು ಸುತ್ತು. ಗೆರೆ ದಾಟುವಾಗಿನ ವೇಗ ಪ್ರತಿ ಸಲವೂ ಒಂದೇ ಇರಬೇಕು ಎಂಬುದನ್ನು ಒತ್ತಿ ಹೇಳಿ. 40 ಸೆಕೆಂಡಿನ ಸುತ್ತಿನ ಆರಂಭದಲ್ಲಿ ಗಂಟೆಗೆ 36 ಇದ್ದದ್ದು ಕೊನೆಗೆ 37 ಆದರೆ, 80 ಕಿಲೋ ತೂಕವನ್ನು ಅಷ್ಟು ವೇಗಕ್ಕೆ ಏರಿಸಲು ಸರಾಸರಿ ಐದೂವರೆ ವ್ಯಾಟ್ ಹೋಗಿರುತ್ತದೆ. ಸಿಡಿಎ 0.01 ಬದಲಾದಾಗ ಕಾಣುವಷ್ಟೇ ವ್ಯಾಟ್ ಅದು. ನಿಮ್ಮ ತಂತ್ರಾಂಶ ಈ ವೇಗ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಹಿಡಿಯದಿದ್ದರೆ ವೇಗ ಗಂಟೆಗೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಬದಲಾದ ಸುತ್ತನ್ನು ತೆಗೆದುಹಾಕಿ.

6. ಪರದೆಯನ್ನು ಓದುವುದು

ಪರದೆಯ ಮೇಲೆ ನಾಲ್ಕೇ ಅಂಕಣ ಇರಲಿ: ಸುತ್ತಿನ ಸಮಯ, ಸರಾಸರಿ ವ್ಯಾಟ್, ಗೆರೆ ದಾಟಿದ ವೇಗ, ಸಿಡಿಎ. ಪಕ್ಕದಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಪ್ರತಿ ಸುತ್ತಿನಲ್ಲಿ ಕಣ್ಣಿಗೆ ಕಂಡದ್ದನ್ನು ಬರೆಯುತ್ತಿರಬೇಕು. ಈ ನೋಟ್‌ಬುಕ್ ಇಲ್ಲದೆ ಪರದೆಯನ್ನು ಓದಲು ಬರುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಸಾಲು ಹೀಗೆ ಬರುತ್ತದೆ ಎಂದುಕೊಳ್ಳಿ: 0.262, 0.263, 0.261, 0.271, 0.262. ನಾಲ್ಕನೆಯ ಸುತ್ತಿನ ಎದುರು ನೋಟ್‌ಬುಕ್‌ನಲ್ಲಿ "ಎರಡನೇ ತಿರುವಿನಲ್ಲಿ ಮೇಯುತ್ತಿದ್ದ ಎಮ್ಮೆ ನೋಡಿ ತಲೆ ಎತ್ತಿದ, ಹೆಗಲು ಬಿಚ್ಚಿದ" ಎಂದಿದ್ದರೆ ಆ ಸುತ್ತನ್ನು ಕಾರಣ ಸಹಿತ ತೆಗೆಯಬಹುದು. ಕಾರಣ ಬರೆದಿಲ್ಲದಿದ್ದರೆ, ಬೇಡದ ಅಂಕಿ ಎಂಬ ಒಂದೇ ಕಾರಣಕ್ಕೆ ತೆಗೆಯಬಾರದು. ಅಂಕಿ ಸುತ್ತಿನಿಂದ ಸುತ್ತಿಗೆ ಒಂದೇ ದಿಕ್ಕಿನಲ್ಲಿ ಏರುತ್ತ ಹೋದರೆ ಸವಾರ ದಣಿದು ಭಂಗಿ ಸಡಿಲಿಸುತ್ತಿದ್ದಾರೆ, ಇಲ್ಲವೇ ಗಾಳಿ ಏಳುತ್ತಿದೆ; ಗಾಳಿ ಮಾಪಕ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಅಂಕಿ ಒಮ್ಮೆಲೇ ಅರ್ಧಕ್ಕೆ ಇಳಿದರೆ ಅಥವಾ ದುಪ್ಪಟ್ಟಾದರೆ ಅದು ಎಣಿಕೆ ಸೊನ್ನೆಗೆ ಮರಳಿದ್ದರ ಅಥವಾ ಸಂಪರ್ಕ ತಪ್ಪಿದ್ದರ ಗುರುತು. ಮುಂದೆ ಬೈಕ್ ಹೋಗಿದ್ದರೆ, ಇಬ್ಬರು ಸವಾರರು ಒಂದೇ ಸುತ್ತಿನಲ್ಲಿದ್ದರೆ ಗಾಳಿಯೇ ಕಲಕಿರುತ್ತದೆ, ಅಂಥ ಸುತ್ತುಗಳ ಕಡಿಮೆ ಸಿಡಿಎಗೆ ಬೆಲೆಯಿಲ್ಲ.

ಸುತ್ತಿನಲ್ಲಿ ಸಣ್ಣ ಏರಿಳಿತವಿದ್ದು, ಒಳಗೆ ಏನಾಯಿತು ಎಂದು ನೋಡಬೇಕೆನಿಸಿದರೆ ಕಾಲ್ಪನಿಕ ಎತ್ತರದ ನಕ್ಷೆ ಬಳಸಿ. ರಾಬರ್ಟ್ ಚುಂಗ್ ಎಂಬವರು ರೂಪಿಸಿದ ಈ ವಿಧಾನವೇ ಏರೋಲ್ಯಾಬ್‌ನ ಆಧಾರ. ನೀವು ಊಹಿಸಿದ ಸಿಡಿಎಯನ್ನು ಹಿಡಿದುಕೊಂಡು, ವ್ಯಾಟ್ ಮತ್ತು ವೇಗಗಳಿಂದ ರಸ್ತೆಯ ಏರಿಳಿತವನ್ನೇ ತಂತ್ರಾಂಶ ಮರಳಿ ಬರೆಯುತ್ತದೆ. ಸುತ್ತು ಮುಗಿದಾಗ ಸವಾರ ಹೊರಟ ಎತ್ತರಕ್ಕೇ ಬಂದಿರಬೇಕು. ನಕ್ಷೆ ಸುತ್ತು ಸುತ್ತಿಗೂ ಮೇಲೇರುತ್ತಿದ್ದರೆ ಊಹಿಸಿದ ಸಿಡಿಎ ಕಡಿಮೆಯಾಯಿತು, ಇಳಿಯುತ್ತಿದ್ದರೆ ಹೆಚ್ಚಾಯಿತು. ಮಟ್ಟವಾಗುವ ತನಕ ಹೊಂದಿಸಿದರೆ ಸರಿಯಾದ ಅಂಕಿ ಸಿಗುತ್ತದೆ. ಬ್ರೇಕ್ ಹಿಡಿದ ಜಾಗದಲ್ಲಿ ಈ ನಕ್ಷೆಯಲ್ಲಿ ರಸ್ತೆಯಲ್ಲಿ ಇಲ್ಲದ ಒಂದು ದಿಬ್ಬ ಏಳುತ್ತದೆ, ಆ ಸುತ್ತನ್ನು ಕಣ್ಣಿನಿಂದಲೇ ಗುರುತಿಸಬಹುದು.

7. ಎರಡು ಭಂಗಿಗಳನ್ನು ಹೋಲಿಸುವುದು

ಮೊದಲ ಭಂಗಿ, ಎರಡನೆಯದು, ಮತ್ತೆ ಮೊದಲನೆಯದು, ಮತ್ತೆ ಎರಡನೆಯದು ಎಂಬ ಕ್ರಮ ತಪ್ಪಿಸಬೇಡಿ. ಬಿಸಿಲೇರಿದಂತೆ ಗಾಳಿ ತೆಳುವಾಗುತ್ತದೆ, ಟೈರು ಬಿಸಿಯಾಗಿ ಅದರ ತಡೆಯೂ ಇಳಿಯುತ್ತದೆ. ಹಾಗಾಗಿ ನಂತರ ಪರೀಕ್ಷಿಸಿದ ಭಂಗಿ ಯಾವುದಾದರೂ ಒಳ್ಳೆಯದೆಂದೇ ಕಾಣುವ ಸಂಭವ ಹೆಚ್ಚು. ಒಮ್ಮೆಗೆ ಒಂದನ್ನೇ ಬದಲಿಸಿ. ಹೆಲ್ಮೆಟ್ ಮತ್ತು ಹ್ಯಾಂಡಲ್ ಎತ್ತರ ಎರಡನ್ನೂ ಒಟ್ಟಿಗೆ ಬದಲಿಸಿದರೆ ಲಾಭ ಯಾವುದರಿಂದ ಬಂತೆಂದು ಹೇಳಲಾಗದು.

ಮೊದಲ ಭಂಗಿಯ ಎರಡು ಸರದಿಗಳ ನಡುವೆಯೇ 0.004 ವ್ಯತ್ಯಾಸವಿದ್ದು, ಎರಡು ಭಂಗಿಗಳ ನಡುವಿನ ವ್ಯತ್ಯಾಸವೂ 0.004 ಆಗಿದ್ದರೆ ಆ ದಿನ ಏನೂ ತೀರ್ಮಾನವಾಗಲಿಲ್ಲ ಎಂದೇ ಅರ್ಥ. ಹಾಗೆ ಬರೆದಿಟ್ಟು ಇನ್ನೊಂದು ಬೆಳಿಗ್ಗೆ ಮತ್ತೆ ಮಾಡಿ. ಭಂಗಿಗಳ ನಡುವಿನ ವ್ಯತ್ಯಾಸ ಸರದಿಗಳ ನಡುವಿನ ವ್ಯತ್ಯಾಸಕ್ಕಿಂತ ಕನಿಷ್ಠ ಎರಡರಷ್ಟು ಇದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಸಿಡಿಎ ಇಳಿಸಿದ ಭಂಗಿಯಲ್ಲಿ ಸವಾರ ಸ್ಪರ್ಧೆಯ ಪೂರ್ತಿ ದೂರ ತಮ್ಮ ವ್ಯಾಟ್ ಉಳಿಸಿಕೊಳ್ಳಬಲ್ಲರೇ ಎಂಬುದು ಬೇರೆಯೇ ಪ್ರಶ್ನೆ. ಐದಾರು ಸುತ್ತು ಅದಕ್ಕೆ ಉತ್ತರ ಕೊಡುವುದಿಲ್ಲ. ಅದನ್ನು ತಿಳಿಯಲು ಆ ಭಂಗಿಯಲ್ಲೇ ಒಂದೆರಡು ವಾರ ಉದ್ದದ ಅಭ್ಯಾಸ ಮಾಡಿಸಬೇಕಾಗುತ್ತದೆ.

8. ಜಾಗ ಬಿಡುವ ಮೊದಲು

ಕಚ್ಚಾ ಕಡತವನ್ನು ಎರಡು ಕಡೆ ಉಳಿಸಿ. ತಂತ್ರಾಂಶ ಕೊಟ್ಟ ಸಿಡಿಎ ಅಂಕಿಗಳನ್ನಷ್ಟೇ ಬರೆದುಕೊಂಡರೆ, ಸಾಂದ್ರತೆ ತಪ್ಪಾಗಿ ತುಂಬಿದ್ದು ಆಮೇಲೆ ತಿಳಿದಾಗ ತಿದ್ದಲು ದಾರಿ ಇರುವುದಿಲ್ಲ. ಕಚ್ಚಾ ವ್ಯಾಟ್, ಚಕ್ರದ ಎಣಿಕೆ, ಸಮಯ ಇದ್ದರೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬಹುದು. ನೋಟ್‌ಬುಕ್ ಪುಟಗಳ ಫೋಟೋ ತೆಗೆಯಿರಿ. ಏರೋಬಾರ್ ಪ್ಯಾಡಿನ ಎತ್ತರ, ಸೀಟಿನ ಎತ್ತರ, ಸೀಟಿನ ತುದಿಯಿಂದ ಹ್ಯಾಂಡಲ್‌ವರೆಗಿನ ದೂರವನ್ನು ಟೇಪಿನಿಂದ ಅಳೆದು ಅದೇ ಪುಟದಲ್ಲಿ ಬರೆಯಿರಿ, ಟೈರಿನ ಒತ್ತಡವನ್ನು ಗೇಜಿನಿಂದ ಮತ್ತೊಮ್ಮೆ ನೋಡಿ ಬೆಳಗಿನ ಅಂಕಿಯ ಪಕ್ಕದಲ್ಲಿ ನಮೂದಿಸಿ. ಬೆಳಿಗ್ಗೆಗಿಂತ ಅದು ಕಡಿಮೆಯಾಗಿದ್ದರೆ ಟ್ಯೂಬ್ ಸೋರುತ್ತಿದೆ, ಕೊನೆಯ ಸರದಿಯನ್ನು ಹೋಲಿಕೆಯಿಂದ ಕೈಬಿಡಿ.